ಇತರೆ

ಜರೀನಾ ತಂದದ್ದು ಬೆಂಕಿಪೊಟ್ಟಣದಲ್ಲಿ.
ಅರ್ಧ ತೆರೆದು ನನ್ನ ಮೂಗಿನ ಕೆಳಗೆ ಹಿಡಿದಳು:
ಒಂದು ಸೂರ್ಯನಕುದುರೆ, ಇನ್ನೂ ಮರಿ,
ಬೇವಿನ ಎಳೆಕಡ್ಡಿಯ ಬಣ್ಣ.
ಎಡ ಮುಂಗಾಲು ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿ
ಒಂದೇ ನಾರಿನಲ್ಲಿ ನೇತಾಡುತ್ತಿತ್ತು.

ಚಳ್ಳಕೆರೆ ಪಶು ಆಸ್ಪತ್ರೆ, ಬೆಳಿಗ್ಗೆ ಒಂಬತ್ತೂಕಾಲು.
ಡಾಕ್ಟರು ಬರುವುದು ಮಂಗಳವಾರ, ಶುಕ್ರವಾರ.
ಅವತ್ತು ಬುಧವಾರ. ಇದ್ದವನು ನಾನೊಬ್ಬ, ಕಾಂಪೌಂಡರ್ ಪಾಲಯ್ಯ.
ಇಪ್ಪತ್ತಾರು ವರ್ಷ ಎಮ್ಮೆಯ ಗಂಟಲಿಗೆ ಗೊಟ್ಟ ಹಾಕಿದ ಕೈ,
ಅಡ್ಡ ತಿರುಗಿದ ಕರುವನ್ನು
ಭುಜದವರೆಗೆ ತೋಳು ತೂರಿಸಿ ಹೊರಗೆಳೆದ ಕೈ,
ಎರಡಿಂಚಿನ ಹುಳದ ಮುಂದೆ
ಎಲ್ಲಿ ಮುಟ್ಟಬೇಕೋ ತಿಳಿಯದೆ ನಿಂತಿತು.

ಹೊರಗೆ ಜಂತುಹುಳದ ಔಷಧಿಗೆ ಬಂದ
ಎಂಬತ್ತು ಕುರಿ, ಎರಡು ನಾಯಿ, ಕಂಬಳಿ ಹೊದ್ದ ಅಜ್ಜ.
"ಏನಪ್ಪಾ, ಹುಳ ಸಾಯ್ಸೋಕೆ ಔಷಧಿ ಕೊಡೋನು
ಹುಳಕ್ಕೇ ಔಷಧಿ ಹಚ್ತೀಯಾ?"
ಅಂದವನು ಬಗ್ಗಿ ನೋಡಿ, ತಾನೂ ಸುಮ್ಮನಾದ.

ರಿಜಿಸ್ಟರಿನಲ್ಲಿ ಬರೆಯಬೇಕಲ್ಲ.
ಮಾಲೀಕರು: ಜರೀನಾ, ನಾಲ್ಕನೇ ಕ್ಲಾಸು, ಎಣ್ಣೆಮಿಲ್ಲಿನ ಹಿಂದುಗಡೆ.
ದನಕ್ಕೆ, ಎಮ್ಮೆಗೆ, ಕುರಿಗೆ, ಕೋಳಿಗೆ ಬೇರೆಬೇರೆ ಹಾಳೆ.
ಕೊನೆಗೆ ಒಂದೇ ಒಂದು, 'ಇತರೆ'.
ಏಳು ವರ್ಷದ ಹಿಂದಿನ ಸರ್ಕಸ್ಸಿನ ಒಂಟೆಯೊಂದು
ಅಲ್ಲಿ ಒಂಟಿಯಾಗಿ ಕೂತಿತ್ತು.
ಅದರ ಕೆಳಗೆ ಇದನ್ನು ಸೇರಿಸಿದೆ.

ಉಗುರುಕತ್ತರಿ ಕುದಿಸಿ, ಉಸಿರು ಬಿಗಿಹಿಡಿದು
ಕೀಲಿನ ಹತ್ತಿರ ಕತ್ತರಿಸಿದೆ. ಸದ್ದೇ ಇಲ್ಲ.
ತೆಳುಹಸಿರಿನ ಒಂದು ಹನಿ ಮೂಡಿ ಅಲ್ಲೇ ಗಟ್ಟಿಯಾಯಿತು.
ನಮ್ಮ ಓಣಿಯ ಮಕ್ಕಳು ಈ ಹುಳವನ್ನು ಸುತ್ತುವರಿದು
"ದೇವರೆಲ್ಲಿ, ತೋರ್ಸು" ಅಂತ ಕೇಳುತ್ತವೆ,
ಅದು ಕೈಯೆತ್ತಿದ ಕಡೆ ನೋಡಿ ಕೇಕೆ ಹಾಕುತ್ತವೆ.
ಜರೀನಾ ಕೇಳಿದ್ದು ಬೇರೆ: "ಎಲ್ಲಿ ನೋಯ್ತೈತೆ, ತೋರ್ಸು."
ಮೂರು ಮೂಲೆಯ ತಲೆಯನ್ನು ಪೂರಾ ತಿರುಗಿಸಿ
ಅದು ಅವಳನ್ನು ನೋಡಿತು.
ಎಮ್ಮೆಗಳೂ ಹೀಗೇ. ನೋಡುತ್ತವೆ, ಹೇಳುವುದಿಲ್ಲ.

ಮೂರು ಸಲ ತೊಳೆದರೂ ಇಂಗು ನಾರುವ ಉಪ್ಪಿನಕಾಯಿ ಜಾಡಿ,
ಬಾಯಿಗೆ ಬ್ಯಾಂಡೇಜು ಬಟ್ಟೆ, ಒಳಗೆ ಜಾಲಿಯ ರೆಂಬೆ.
ನೀರು ಪೊರಕೆಕಡ್ಡಿಯ ತುದಿಯಲ್ಲಿ, ದಿನಕ್ಕೆ ಮೂರು ಹನಿ.
ನೊಣಕ್ಕೆ ನಮ್ಮಲ್ಲಿ ಬರವಿಲ್ಲ;
ಹಿಡಿದು, ರೆಕ್ಕೆ ಚಿವುಟಿ,
ಚಿಮಟದಲ್ಲಿ ಅದರ ಬಾಯಿಗೆ ಹಿಡಿಯುತ್ತಿದ್ದೆ.
ಆ ನೊಣಗಳನ್ನು ಯಾವ ಹಾಳೆಯಲ್ಲೂ ಬರೆಯಲಿಲ್ಲ.

ಎಂಟನೇ ದಿನ ಊಟ ಬಿಟ್ಟಿತು.
ತಲೆಕೆಳಗಾಗಿ ನೇತು, ಮಂಕಾಯಿತು.
ಗ್ಲೂಕೋಸ್ ಹಚ್ಚಿದರೆ ಮುಖ ತಿರುಗಿಸಿತು.
ಜರೀನಾ ಎರಡು ದಿನ ಸ್ಕೂಲಿಗೆ ಹೋಗಲಿಲ್ಲ.
ಮೂರನೇ ಬೆಳಿಗ್ಗೆ ನೋಡಿದರೆ ಜಾಡಿಯಲ್ಲಿ ಎರಡು:
ಒಂದು ಬರೀ ಪೊರೆ, ಕಣ್ಣಿನವರೆಗೂ ಟೊಳ್ಳು;
ಇನ್ನೊಂದು ಒದ್ದೆಯದು, ಉದ್ದದ್ದು, ಎಡಗಡೆ
ಅಲ್ಪವಿರಾಮದಷ್ಟು ಹೊಸ ಕಾಲು.
"ಚಾಚಾ, ಬಂತು!"
ಹೊರಗೆ ಕುರಿಗಳೆಲ್ಲ ಬೆದರಿದವು.

ಇನ್ನೊಂದು ಪೊರೆಗೆ ಇನ್ನಷ್ಟು ಬೆಳೆಯುತ್ತೆ
ಅಂತ ಲೆಕ್ಕ ಹಾಕಿದೆವು.
ಬೆಳೆಯಿತು, ಬಲಗಾಲಿನ ಅರ್ಧದಷ್ಟು.
ಜೊತೆಗೆ ರೆಕ್ಕೆ ಬಂತು, ಇಸ್ತ್ರಿ ಮಾಡಿ ಮಡಿಚಿಟ್ಟ ಹಾಗೆ.
ಶುಕ್ರವಾರ ಡಾಕ್ಟರು ಕನ್ನಡಕ ಏರಿಸಿ ಹೇಳಿದರು,
"ರೆಕ್ಕೆ ಬಂದ ಮೇಲೆ ಇವು ಪೊರೆ ಬಿಡಲ್ಲ, ಪಾಲಯ್ಯ.
ಇನ್ನು ಎಷ್ಟಿದೆಯೋ ಅಷ್ಟೇ."

ಮುಂದಿನದು ಯಾವಾಗ, ಅಂತ ಜರೀನಾ ದಿನಾ ಕೇಳುತ್ತಾಳೆ.
ನಾನು ಶೀಶೆಗಳನ್ನು ಜೋಡಿಸುತ್ತಿರುತ್ತೇನೆ.

ನಿನ್ನೆ ಮಧ್ಯಾಹ್ನ, ಮಿಲ್ಲಿನಿಂದ ಶೇಂಗಾ ಹಿಂಡಿಯ ವಾಸನೆ.
ನೊಣ ಕೊಡಲು ಹೋದ ನನ್ನ ಹೆಬ್ಬೆರಳನ್ನು
ಬಲಗಾಲಿನಿಂದ ಸೆಳೆದು, ಗಿಡ್ಡಗಾಲನ್ನು ಒತ್ತುಕೊಟ್ಟು
ಗರಗಸದ ಮುಳ್ಳು ಇಳಿಸಿಯೇ ಬಿಟ್ಟಿತು.
ಸಾಸಿವೆಯಷ್ಟು ರಕ್ತ.
ಬಿಡಿಸಿಕೊಳ್ಳದೆ ಹಾಗೇ ನಿಂತಿದ್ದೆ.
ಕೊನೆಯ ಕಾಲಮ್ಮಿನಲ್ಲಿ 'ಗುಣ' ಇಲ್ಲವೇ 'ಮರಣ'
ಬರೆಯಬೇಕೆಂದು ನಿಯಮ.
ಎಡಗೈಯಲ್ಲೇ ಪೆನ್ನು ಹಿಡಿದು, ಒಂಟೆಯ ಕೆಳಗಿನ ಸಾಲಿನಲ್ಲಿ
ಸೊಟ್ಟಸೊಟ್ಟಗೆ ಬರೆದೆ:
ಹಿಡಿತ ಚೆನ್ನಾಗಿದೆ.