ಒಳಹೋದದ್ದು, ಹೊರಬಂದದ್ದು

ಸಲ್ಮಾಬಾದಿನ ಶೆಡ್ಡಿನಲ್ಲಿ ಶೇರ್‌ಬಾಜ್
ಬಾನೆಟ್ಟು ಎತ್ತಿ, ಕಡ್ಡಿ ಎಳೆದು, ಬನಿಯನ್ನಿಗೆ ಒರೆಸಿ,
ಮತ್ತೆ ಅದ್ದಿ ಬೆಳಕಿಗೆ ಹಿಡಿದ.
ತುದಿಯಲ್ಲೊಂದು ಹನಿ. ಅದೂ ಇದೆಯೋ ಇಲ್ಲವೋ.
"ಪೀತೀ ಹೈ, ಸಿಸ್ಟರ್," ಅಂದ,
ಯಾರದೋ ಮನೆಯ ಗುಟ್ಟು ಹೇಳುವವನ ಹಾಗೆ
ದನಿ ತಗ್ಗಿಸಿ.

ಎರಡು ಸಾವಿರದ ನಾಲ್ಕರ ಎಕೋ.
ಬಣ್ಣ ಬಿಳಿ ಅಂತ ಕಾಗದದಲ್ಲಿದೆ.
ಮನಿಲಾಕ್ಕೆ ಮರಳಿದ ಗೆಳತಿ
ಮುನ್ನೂರೈವತ್ತು ದಿನಾರಿಗೆ ಬಿಟ್ಟುಹೋದದ್ದು,
ಜೊತೆಗೊಂದು ರೈಸ್ ಕುಕ್ಕರ್.
ಕುಕ್ಕರಿಗೆ ಇನ್ನೂ ಏನೂ ಆಗಿಲ್ಲ.

ಸೋರುತ್ತದೇನೋ ಅಂತ
ರಾತ್ರಿ ಕೆಳಗೆ ರಟ್ಟು ಹಾಸಿಟ್ಟೆ.
ಬೆಳಿಗ್ಗೆ ಅದರ ಮೇಲೆ ಬೆಕ್ಕು ಮಲಗಿತ್ತು,
ಒಂದು ಕಲೆಯಿಲ್ಲ.
ಚೆಲ್ಲದೆ, ಸೋರದೆ, ಯಾರಿಗೂ ತೋರದೆ
ಒಳಗೊಳಗೇ ಉರಿಸಿಕೊಳ್ಳುತ್ತಿದೆ.

ಡಯಾಲಿಸಿಸ್ ವಾರ್ಡಿನಲ್ಲಿ ಹನ್ನೊಂದು ವರ್ಷ
ಕುಡಿದದ್ದೆಷ್ಟು ಹೋದದ್ದೆಷ್ಟು ಬರೆದ ಕೈ ಇದು;
ಸುಮ್ಮನಿರಲಿಲ್ಲ.
ಹಳೆ ಡೈರಿಗೆ ಗೆರೆ ಎಳೆದೆ:
ತಾರೀಖು, ಕಿಲೋಮೀಟರು, ಹಾಕಿದ್ದು, ಉಳಿದದ್ದು.
ಸಾವಿರದ ನೂರಕ್ಕೆ ಒಂದು ಲೀಟರು.
ಆಮೇಲೆ ಒಂಬೈನೂರಕ್ಕೆ.
ಆಗಸ್ಟಿನಲ್ಲಿ, ರಿಫಾ ದಾರಿಯ ಕೆಂಪು ದೀಪಗಳಡಿ
ಎ.ಸಿ. ಹಾಕಿ ನಿಂತು ನಿಂತು
ಆರುನೂರೈವತ್ತಕ್ಕೆ.
ಕನ್ನಡ ಅಂಕಿಯಲ್ಲೇ ಬರೆಯುತ್ತೇನೆ.
ಎಣ್ಣೆಯ ಮೇಲೇ ಕೂತಿರುವ ನಾಡಿನಲ್ಲಿ
ಲೋಟದ ಲೆಕ್ಕ ಇಡುವುದು ಯಾರಿಗಾದರೂ ಕಂಡರೆ ನಾಚಿಕೆ.

ಮೊದಲು ಹೆಬ್ಬೆರಳಷ್ಟು ವಾಲ್ವೊಂದನ್ನು ಬದಲಿಸಿದ,
ಇಂಜಿನ್ನು ಉಸಿರಾಡುವುದು ಅದರಿಂದಲಂತೆ.
ಒಂದು ವಾರ ಸುಧಾರಿಸಿತು.
ಆಮೇಲೆ ಗಟ್ಟಿ ಎಣ್ಣೆ, ಇಪ್ಪತ್ತು-ಐವತ್ತು.
ಕೊನೆಗೆ ಪ್ಲಗ್ಗು ಬಿಚ್ಚಿ ಅಂಗೈಲಿಟ್ಟ:
ಬಿದರಿ ಹೂಜಿಯ ಕಪ್ಪು,
ಬೆಳ್ಳಿಯ ಗೆರೆಯೊಂದೇ ಇಲ್ಲ.
"ರಿಂಗು ಸವೆದಿದೆ. ಪೂರ್ತಿ ಬಿಚ್ಚಬೇಕು. ನೂರಾ ಎಂಬತ್ತು."
ನನ್ನ ಬೀದರಿನ ಉರ್ದುವಿನಲ್ಲಿ ಚೌಕಾಶಿಗಿಳಿದೆ.
ನನ್ನ ನಕ್ಕೋ ಕೇಳಿ ಪಠಾಣ ನಕ್ಕ ನಗುವಿಗೇ
ಹತ್ತು ದಿನಾರು ಇಳಿಯಿತು.
ಉಳಿದ ನೂರಾ ಎಪ್ಪತ್ತು ನಗಲಿಲ್ಲ.

ಮೂರನೇ ಹಾಸಿಗೆಯ ಹಜ್ಜಿ ಮಕ್ಕಿ,
ಸಿತ್ರಾದ ಟ್ಯಾಂಕುಗಳ ನಡುವೆ ಮೂವತ್ತು ವರ್ಷ
ಕೂಲಿಗಳ ಬಸ್ಸು ಓಡಿಸಿದವರು.
ಎಷ್ಟು ಕುಡಿದಿರಿ ಅಂದರೆ ಒಂದು ಇಸ್ತಿಕಾನ ಚಹಾ ಅನ್ನುತ್ತಾರೆ,
ತಕ್ಕಡಿ ಮೂರು ಕಿಲೋ ನಾನ್ನೂರು ಅನ್ನುತ್ತದೆ.
"ತಕ್ಕಡಿ ಕೆಟ್ಟಿದೆ, ಮಗಳೇ."
ನನ್ನ ಕಾರೂ ನಿಮ್ಮ ಹಾಗೇ, ಅಂದೆ.
ಎದ್ದು ಕೂರಲು ಹೋದರು, ಸೂಜಿ ಬಿಡಲಿಲ್ಲ.
"ನೀಲಿ ಹೊಗೆ ಬೆಳಿಗ್ಗೆ ಎದ್ದಾಗಲೋ, ಸೇತುವೆ ಏರುವಾಗಲೋ?"
ಎರಡೂ.
ಕಣ್ಣು ಮುಚ್ಚಿದರು.
ಪಕ್ಕದಲ್ಲಿ ಯಂತ್ರ ಅವರ ರಕ್ತವನ್ನು ತಿರುಗಿಸುತ್ತಿತ್ತು.
"ಬಿಚ್ಚಿಸಬೇಡ. ಬಿಚ್ಚಿದ ಮುದುಕರು
ಮೊದಲಿನ ಹಾಗೆ ಕೂಡುವುದಿಲ್ಲ.
ಕುಡಿಯಲಿ ಬಿಡು. ಕಡ್ಡಿ ನೋಡುವುದ ಮರೆಯಬೇಡ, ಅಷ್ಟೇ.
ನನ್ನನ್ನೂ ಹಾಗೇ ಬಿಡು."
ಬಿಡಲಿಲ್ಲ. ದಿನಕ್ಕೆ ಎಂಟುನೂರು ಎಂ.ಎಲ್. ಅಂತ
ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ.

ಈಗ ಪಾಳಿಗೆ ಮುಂಚೆ, ಕತ್ತಲಿರುವಾಗಲೇ,
ಮಸೀದಿಯ ಮುಂದೆ ನಿಲ್ಲಿಸುತ್ತೇನೆ.
ನಮ್ಮ ಗಲ್ಲಿಯಲ್ಲಿ ಸಪಾಟು ನೆಲ ಅದೊಂದೇ.
ಲಬನ್ ಬಾಟಲಿ ಕತ್ತರಿಸಿದ ಲಾಳಿಕೆ,
ಹೊಸ ಎಣ್ಣೆ ಜೇನಿನ ಎಳೆಯಾಗಿ ಇಳಿಯುತ್ತದೆ,
ನಮಾಜು ಮುಗಿಸಿ ಬಂದವರು ಸುತ್ತಿ ಹೋಗುತ್ತಾರೆ,
ಒಬ್ಬ ಟಾರ್ಚು ಹಿಡಿಯುತ್ತಾನೆ, ಹೆಸರು ಕೇಳಿಲ್ಲ.
ಕಡ್ಡಿ ಒರೆಸಿ, ಅದ್ದಿ, ನೋಡಿ,
ಮೇಲಿನ ಚುಕ್ಕೆಗೆ ಕೂದಲಷ್ಟು ಕಡಿಮೆ.
ಇವತ್ತಿಗೆ ಸಾಕು.

ಮೂರು ಸಲ ಸೋಪು ಹಚ್ಚಿದರೂ ಬೆರಳು ಬಿಡದ ವಾಸನೆ
ಹಜ್ಜಿಯ ಮೂಗಿಗೆ ತಾಗುತ್ತದೆ.
"ಹಾಕಿದೆಯಾ?"
ಕಾಲು ಲೀಟರು, ಅನ್ನುತ್ತೇನೆ,
ತಕ್ಕಡಿಯನ್ನು ಮುಂದೆ ಸರಿಸುತ್ತ.
"ನೋಡು," ಅನ್ನುತ್ತಾರೆ, ಚಪ್ಪಲಿ ಬಿಡುತ್ತ,
"ಅದನ್ನು ಮಾತ್ರ ಬೈಯುವುದಿಲ್ಲ ನೀನು."