ತುಕ್ಕು ಹಿಡಿಯತಕ್ಕದ್ದು

ಪೀಣ್ಯ ಎರಡನೇ ಹಂತ, ಮೋರಿ ದಾಟಿದರೆ ಹಸಿರು ಗೇಟು.
ಹನ್ನೆರಡು ವರ್ಷದಿಂದ ಇಲ್ಲಿ ನನ್ನ ಕೆಲಸ ಇಷ್ಟೇ:
ತುಕ್ಕು ಹಿಡಿದದ್ದನ್ನು ಬಲಗಡೆ ಬುಟ್ಟಿಗೆ ಎಸೆಯುವುದು.
ಬೋಲ್ಟು, ವಾಷರು, ಬಸ್ ಸೀಟಿನ ಸ್ಪ್ರಿಂಗು,
ಒಂದು ಕೆಂಪು ಚುಕ್ಕೆ ಕಂಡರೂ ಇಡೀ ಪೆಟ್ಟಿಗೆ ವಾಪಸು.

ನಮ್ಮಲ್ಲೂ ಸಮುದ್ರವಿದೆ.
ಮೂಲೆಯಲ್ಲಿ, ಜನರೇಟರಿನ ಪಕ್ಕ, ಫ್ರಿಜ್ಜಿನಷ್ಟು ದೊಡ್ಡದು.
ಬೆಳಿಗ್ಗೆ ಸಗಾಯಮೇರಿ ಉಪ್ಪು ತೂಗಿ ನೀರಿಗೆ ಸುರಿಯುತ್ತಾಳೆ,
ಮುಚ್ಚಳ ಹಾಕಿದರೆ ಒಳಗೆಲ್ಲ ಮಂಜು.
ತೊಂಬತ್ತಾರು ಗಂಟೆ ತಡೆದುಕೊಂಡ ಕಬ್ಬಿಣ ಪಾಸು.
ಅಲೆಯಿಲ್ಲ, ದಡವಿಲ್ಲ,
ಬೆಸ್ಕಾಂನವರು ಕರೆಂಟು ತೆಗೆದರೆ ಸಮುದ್ರವೂ ನಿಲ್ಲುತ್ತದೆ.

ಆಷಾಢದಲ್ಲಿ ಹೊಸ ಆರ್ಡರು ಬಂತು, ಗಾಳದ ಕೊಕ್ಕೆಗೆ.
ಎಲ್ಲೋ ದೂರದ ಹವಳದ ದಿಬ್ಬಗಳ ಮೇಲೆ
ರಜೆಯಲ್ಲಿ, ಬರೀ ಮೋಜಿಗೆ, ಮೀನು ಹಿಡಿಯುವವರಿಗಂತೆ.
ಜೊತೆಗೆ ನಾಲ್ಕು ಹಾಳೆ, ಅಲ್ಲಿಯ ಸರ್ಕಾರದ ಕಾಯಿದೆ.
ಹಿದಾಯತ್ ಸಾಹೇಬರು ಲೇತಿಗೆ ಒರಗಿ ನಿಂತು
ಕನ್ನಡ ಮಾಡುತ್ತಾ ಓದಿದರು, ಕೋರ್ಟಿನ ಕೂಗಿನ ಧಾಟಿಯಲ್ಲಿ:

ಕೊಕ್ಕೆಯ ಮೊನೆ ತನ್ನ ಕಾಲಿನ ಕಡೆಗೇ ತಿರುಗಿರತಕ್ಕದ್ದು.
ಕೊಕ್ಕೆ ಬಿಡಿಸುವ ಸಲಕರಣೆ ದೋಣಿಯಲ್ಲಿ ಇರತಕ್ಕದ್ದು,
ಅದರ ತುದಿ ಮೊಂಡಾಗಿರತಕ್ಕದ್ದು.
ಕೊಕ್ಕೆ ಸ್ಟೇನ್‌ಲೆಸ್ ಆಗಿರಕೂಡದು.

“ಅಂದ್ರೆ?” ಅಂದಳು ಸಗಾಯಮೇರಿ.
“ಅಂದ್ರೆ ತುಕ್ಕು ಹಿಡಿಯತಕ್ಕದ್ದು.”

ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು.
ಬುಟ್ಟಿ ಅದಲು ಬದಲು ಮಾಡ್ಕೊಳ್ಳಕ್ಕಾ, ಅಷ್ಟೇ, ಅಂದರು.

ದಾರ ಹರಿದುಕೊಂಡು ಹೋದ ಮೀನು
ಕೊಕ್ಕೆಯನ್ನು ತುಟಿಯಲ್ಲಿ ಹೊತ್ತೇ ಈಜುತ್ತದಂತೆ.
ಉಗುಳಲಾರದು, ನುಂಗಲಾರದು. ಬಿಡಿಸಲು ಅದಕ್ಕೆ ಕೈಯಿಲ್ಲ.
ಉಪ್ಪುನೀರೇ ದಿನಕ್ಕಿಷ್ಟು ತಿಂದು ಬಿಡಿಸಬೇಕು.

“ಈ ಪಾಟಿ ಡೊಂಕು, ಇದಕ್ಕೇನು ಸಿಗುತ್ತೆ ಮಣ್ಣು?”
ಗೊಣಗಿದ ಪ್ರೆಸ್ಸಿನ ಹುಡುಗ.
ಸಾಹೇಬರು ಕೊಕ್ಕೆಗೆ ದಾರ ಕಟ್ಟಿ
ಮುಷ್ಟಿಯೊಳಗಿಟ್ಟು, ಬಿಗಿ ಮುಚ್ಚಿ, ಎಳೆದರು.
ಅಂಗೈಯಲ್ಲಿ ಗೀರಿಲ್ಲ.
ಜಾರುತ್ತಾ ಬಂದು ಹೆಬ್ಬೆರಳ ಅಂಚಿಗೆ ಮಾತ್ರ
ಸೆರಗು ಹಿಡಿದ ಮಗುವಿನ ಹಾಗೆ ಸಿಕ್ಕಿಕೊಂಡಿತು.

ಚೊಕ್ಕಸಂದ್ರದ ಕೆರೆ ಆಗ ದೊಡ್ಡದಿತ್ತು.
ಭಾನುವಾರ ಅಪ್ಪ ಸೈಕಲ್ ಕಡ್ಡಿ ಬಗ್ಗಿಸಿ
ತಾನೇ ಮಾಡಿದ ಗಾಳ, ಮೊನೆ ನೆಟ್ಟಗೆ ಆಕಾಶಕ್ಕೆ.
ಒಂದು ಜಿಲೇಬಿ ಮೀನು, ನನ್ನ ಬೆರಳುದ್ದದ್ದು,
ಎರೆಹುಳದ ಜೊತೆ ಎಲ್ಲವನ್ನೂ ನುಂಗಿತ್ತು.
ಅಪ್ಪ ಎಳೆದ. ಮೊದಲು ಕೊಕ್ಕೆ ಬಂತು,
ಆಮೇಲೆ, ಅದರ ಹಿಂದೆಯೇ, ಬರಬಾರದ್ದು.
“ಚಿಕ್ಕದು, ಬದುಕ್ಕೊಳ್ಳಲಿ” ಅಂತ ನೀರಿಗೆ ಬಿಟ್ಟ.
ಅದು ಪಕ್ಕಕ್ಕೆ ವಾಲಿಕೊಂಡು ತೇಲಿತು.
ಯಾಕಪ್ಪಾ ಅಂದೆ.
ಮಲಗಿದೆ, ಅಂದ.
ಅವತ್ತಿನಿಂದ ಅವನು ಗಾಳ ಹಾಕಿದ್ದು ನಾ ಕಾಣೆ,
ಅದರ ಮಾತೂ ಎತ್ತಲಿಲ್ಲ.

ನಾಲ್ಕನೇ ದಿನ ಸಮುದ್ರದ ಮುಚ್ಚಳ ತೆಗೆದೆವು.
ತಟ್ಟೆ ತುಂಬ ಕೆಂಪು, ಹುರಿದ ಮೆಣಸಿನಕಾಯಿ ಕೆಂಪು.
ಒಂದನ್ನು ಎತ್ತಿ ಉಗುರಿಂದ ಕೆರೆದೆ, ಪುಡಿ ಉದುರಿತು.
ಹನ್ನೆರಡು ವರ್ಷದ ಕೈ ತಾನಾಗಿ ಬಲಕ್ಕೆ ಹೋಯಿತು,
ಮಣಿಕಟ್ಟು ಹಿಡಿದು ಎಡಕ್ಕೆ ತಂದೆ.
ಪಾಸು. ಪಾಸು. ಪಾಸು.
ಮಧ್ಯೆ ಒಂದೇ ಒಂದು, ಅದು ಹೇಗೋ,
ಮದುವೆ ಮನೆಯ ಲೋಟದ ಹಾಗೆ ಥಳಥಳ ಅನ್ನುತ್ತಿತ್ತು.
ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದೆ.
ಆಮೇಲೆ ಬಲಗಡೆ ಎಸೆದೆ.

ಸಂಜೆ ಸೋಪು ಹಾಕಿ ತಿಕ್ಕಿದರೂ ಬೆರಳ ಬಣ್ಣ ಹೋಗಲಿಲ್ಲ.
ಜಾಲಹಳ್ಳಿ ಕ್ರಾಸಿನಲ್ಲಿ ಪಿಂಕ್ ಟಿಕೆಟ್ಟು ಕೊಡುತ್ತಾ
ಕಂಡಕ್ಟರು ಕೇಳಿದ, “ಏನಮ್ಮಾ, ಮದರಂಗೀನಾ?”
“ಸಮುದ್ರ” ಅಂದೆ.
ಚಿಲ್ಲರೆ ಇಲ್ಲ ಅನ್ನುತ್ತಾ ಮುಂದಿನ ಸೀಟಿಗೆ ಹೋದ.