ಐನೂರ ಎರಡು

ಉಪ್ಪಳದ ಡಯಾಲಿಸಿಸ್ ಕೇಂದ್ರದ ಮಾಳಿಗೆ, ರಾತ್ರಿ ಎರಡೂ ಮುಕ್ಕಾಲು.
ಪರದೆಯಲ್ಲಿ ಬಿಳಿ ಹಾಳೆ, ನಡುವೆ ಮೂರೇ ಅಂಕಿ:
ಐನೂರ ಎರಡು.
ಅಂದರೆ ಬಾಗಿಲು ಕಾಯುವವನು ಎಚ್ಚರವಿದ್ದಾನೆ,
ಒಳಗಿನವರ ಉತ್ತರ ಅವನಿಗೆ ಸಿಕ್ಕಿಲ್ಲ.

ಆರಕ್ಕೆ ಮೊದಲ ಪಾಳಿ. ಎಂಟು ಮಂಚ, ಎಂಟು ಯಂತ್ರ.
ಯಾರ ತೂಕ ಎಷ್ಟಿತ್ತು, ಯಾರಿಗೆ ಹೆಪಾರಿನ್ ಕೂಡದು,
ಎಲ್ಲ ಆ ಬಿಳಿಯ ಹಿಂದೆ.

ಕಂಟೇನರ್‌ಗಳು ಮೂರು. ಮೂರರ ದೀಪವೂ ಹಸಿರು.
ಒಂದೊಂದನ್ನೇ ಕರೆದು ಕೇಳಿದರೆ
‘ನನಗೆಂತ, ನಾನು ಚೆನ್ನಾಗಿಯೇ ಇದ್ದೇನೆ’ ಅನ್ನುತ್ತವೆ,
ಸಂಬಂಧ ಮುರಿದ ಎರಡು ಮನೆಗಳ ಹಾಗೆ.

ಲಾಗ್ ಬಿಚ್ಚಿದೆ. ಒಂದೇ ಸಾಲು, ಸಾವಿರ ಸಲ:
ಕನೆಕ್ಷನ್ ರಿಫ್ಯೂಸ್ಡ್.
ರೀಸ್ಟಾರ್ಟ್ ಮಾಡಿದೆ, ಅದು ನಮ್ಮ ಕಸುಬಿನ ಕಷಾಯ.
ಫೈರ್‌ವಾಲಿಗೆ ಬೈದೆ. ಶಿಜಿನ್‌ಗೆ ಬೈದೆ,
ಇದನ್ನೆಲ್ಲ ಕಟ್ಟಿ, ಒಂದಕ್ಷರ ಬರೆದಿಡದೆ
ಈಗ ಕಾಞಂಗಾಡಿನಲ್ಲಿ ಬಣ್ಣದ ಮೀನು ಸಾಕುವವನಿಗೆ.
ಫೋನ್ ಎತ್ತಲಿಲ್ಲ.

ಚಾ ತರಲು ಇಳಿದೆ.
ಕೆಳಗೆ ಮೇಜಿನಲ್ಲಿ ಮಿಸ್ರಿಯಾ,
ತುಳುವಿನ ನೋವನ್ನು ಮಲಯಾಳದಲ್ಲಿ ಡಾಕ್ಟರಿಗೆ ದಾಟಿಸಿ
ಮಲಯಾಳದ ಮದ್ದನ್ನು ತುಳುವಿಗೆ ಮರಳಿಸುವವಳು.
ಇಬ್ಬರೂ ತಾವೇ ನೇರ ಮಾತಾಡಿದೆವು ಅಂದುಕೊಂಡು ಹೋಗುತ್ತಾರೆ.

ಅವಳ ಫೋನಿನಲ್ಲಿ ಯಾರೋ ಕೂಗುತ್ತಿದ್ದರು:
‘ನಾವು ಇಲ್ಲೇ ಇದ್ದೇವೆ! ನೀವೆಲ್ಲಿ?’
‘ಇಲ್ಲೇ ಅಂದರೆ ಎಲ್ಲಿ ಮಾರಾಯ್ರೇ?
ಇಲ್ಲಿ ಅನ್ನುವುದು ಎಲ್ಲರಿಗೂ ಒಂದೊಂದುಂಟು.
ಹೆಸರು ಹೇಳಿ. ಹೊಸಂಗಡಿಯೋ, ಬಂದ್ಯೋಡೋ, ಕೈಕಂಬವೋ?’

ಮೆಟ್ಟಿಲಲ್ಲೇ ನಿಂತೆ, ಲೋಟ ಕೈ ಸುಡುತ್ತಿತ್ತು.
ಬಾಗಿಲವನ ಕೈಯಲ್ಲಿರುವ ವಿಳಾಸ ಏನು?
ನೂರ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಅಂದರೆ ಇಲ್ಲೇ. ಅಂದರೆ ನಾನೇ.
ಮೂರೂ ಒಂದೇ ಚಾವಡಿಯಲ್ಲಿ ಮಲಗುತ್ತಿದ್ದಾಗ ಅದು ಸರಿಯೇ ಇತ್ತು.
ಭದ್ರತೆ ಅಂತ ನಿನ್ನೆ ಸಂಜೆ ನಡುವೆ ಗೋಡೆ ಎಬ್ಬಿಸಿದವಳು
ನಾನು.
ಪಾಪ, ಅವನು ರಾತ್ರಿಯಿಡೀ ತನ್ನ ಕದವನ್ನೇ ತಾನು ಬಡಿದು
ಒಳಗೆ ಯಾರೂ ಇಲ್ಲ ಅಂತ
ಪ್ರಾಮಾಣಿಕವಾಗಿ ವರದಿ ಮಾಡುತ್ತಿದ್ದ.

ಹೆಸರು ಬೇಕು. ಸರ್ವರಿನ ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ
‘ಮೈಕಾಲ’ ಅಂತಿತ್ತು. ಬರೆದೆ.
ಹೋಸ್ಟ್ ನಾಟ್ ಫೌಂಡ್.
ಮಿಸ್ರಿಯಾ ಬಂದು ನೋಡಿ ನಕ್ಕಳು:
‘ಅವನು ಹೇಳಿದ, ನಾನು ಬರೆದೆ, ನನ್ನ ಬಾಯಿಗೆ ಬಂದ ಹಾಗೆ.
ನಮಗೆ ಮೈಕಾಲ, ತುಳುವಿನವರಿಗೆ ಕುಡ್ಲ,
ಕೊಂಕಣಿಗೆ ಕೊಡಿಯಾಲ, ಶಿಜಿನ್‌ಗೆ ಮಂಗಳಾಪುರಂ, ನಿನಗೆ ಮಂಗಳೂರು.
ಬಸ್ಸು ಒಂದೇ.’

ಬಸ್ಸಿಗೆ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ.
ಪಟ್ಟಿ ತೆಗೆದು ನೋಡಿದರೆ ಅವನಿಟ್ಟದ್ದು ಕುಡ್ಲ,
ಬಸ್ ಕಂಡಕ್ಟರು ಕೂಗುವ ಹೆಸರೇ.

ಆಗಲೂ ಐನೂರ ಎರಡು.
ಈ ಸಲ ತಪ್ಪು ಬಡಿದವನದಲ್ಲ, ಒಳಗಿದ್ದವನದು:
ತನ್ನ ದನಿಗೆ ಮಾತ್ರ ಕಿವಿ ಕೊಟ್ಟು ಕೂತಿದ್ದ.
ಅವನ ಕಿವಿಯಲ್ಲಿ ನಾಲ್ಕು ಸೊನ್ನೆ ಬರೆದೆ,
ಅದರರ್ಥ: ಯಾವ ಕಡೆಯಿಂದ ಯಾರು ಕರೆದರೂ ಓಗೊಡು.

ನಾಲ್ಕೂ ಹತ್ತಕ್ಕೆ ಹೆಸರುಗಳು ಬಂದವು.
ಅಂಗಾರ ಬೆಳ್ಚಪ್ಪಾಡ, ಐವತ್ತೆಂಟು ಕಿಲೊ. ಖೈರುನ್ನೀಸಾ, ನಲವತ್ತೊಂದು.
ಹೆಪಾರಿನ್ ಬೇಡದವರ ಮುಂದೆ ಕೆಂಪು ಚುಕ್ಕೆ.
ಹೊರಗೆ ಆಂಬ್ಯುಲೆನ್ಸ್ ಹಿಂದಕ್ಕೆ ಹೊರಳುವ ಸದ್ದು;
ಅವರು ಬಂದ್ಯೋಡಿನಲ್ಲಿದ್ದರಂತೆ.

ಶಿಜಿನ್‌ಗೆ ಬರೆದೆ: ಬೈದದ್ದಕ್ಕೆ ಕ್ಷಮಿಸು.
ಬೈದದ್ದೇ ಅವನಿಗೆ ತಲುಪಿಲ್ಲವಲ್ಲ.
ಅಳಿಸಿದೆ.
ಮೀನು ಹೇಗಿವೆ, ಅಂತ ಕೇಳಿದೆ.